7.2 ಮೀಟರ್ ಅಗಲದ ಹಾಲ್, ನಡುವೆ ಕಾಲಂ ಬೇಡ ಎನ್ನುತ್ತಾರೆ: ಬೀಮ್ ಮತ್ತು ಸ್ಲ್ಯಾಬ್ ಜೋಡಣೆ ಹೇಗಿರಬೇಕು?

ಪ್ರಶ್ನೆ: ಅಂಕಣ_ಕಲಬುರಗಿ

ಎಲ್ಲರಿಗೂ ನಮಸ್ಕಾರ. ಕಲಬುರಗಿಯ ಸೇಡಂ ರಸ್ತೆಯ ಕಡೆಗೆ ಒಂದು ಎರಡಂತಸ್ತಿನ ಕಟ್ಟಡದ ವಿನ್ಯಾಸ ನನ್ನ ಪಾಲಿಗೆ ಬಂದಿದೆ. ಕೆಳಗೆ ಅಂಗಡಿ, ಮೇಲೆ ಮನೆ. ಕಟ್ಟಡದ ಅಗಲ 7.2 ಮೀಟರ್, ಉದ್ದ 13.5 ಮೀಟರ್. ಉದ್ದದ ಎರಡೂ ಬದಿಗಳಲ್ಲಿ 4.5 ಮೀಟರ್‌ಗೊಂದರಂತೆ ಕಾಲಂ ಕೊಟ್ಟು ಮೂರು ಅಂಕಣ (ಕಾಲಂ ಸಾಲುಗಳ ನಡುವಿನ ಭಾಗ) ಮಾಡಿದ್ದೇನೆ. ಅಂಗಡಿಯ ನಡುವೆ ಒಂದು ಕಾಲಂ ಕೂಡ ಬರಬಾರದು ಎಂಬುದು ಮಾಲೀಕರ ಷರತ್ತು.

ನನ್ನ ಮುಂದೆ ಎರಡು ದಾರಿಗಳಿವೆ. ಮೊದಲನೆಯದರಲ್ಲಿ 7.2 ಮೀಟರ್ ಉದ್ದದ ಮುಖ್ಯ ಬೀಮ್‌ಗಳು ಅಡ್ಡಡ್ಡ ಹೋಗುತ್ತವೆ, ಅವುಗಳ ನಡುವೆ 4.5 × 7.2 ಮೀಟರ್ ಅಳತೆಯ ಸ್ಲ್ಯಾಬ್ ನೇರವಾಗಿ ಕೂರುತ್ತದೆ. ಎರಡನೆಯದರಲ್ಲಿ ಕಟ್ಟಡದ ಉದ್ದಕ್ಕೆ ನಟ್ಟನಡುವೆ ಒಂದು ಉಪ ಬೀಮ್ ಹಾಯಿಸಿ, ಸ್ಲ್ಯಾಬಿನ ಅಳತೆಯನ್ನು 3.6 × 4.5 ಮೀಟರ್‌ಗೆ ಇಳಿಸಬಹುದು. ನಮ್ಮ ಗುತ್ತಿಗೆದಾರರು ಎರಡನ್ನೂ ಒಪ್ಪದೆ, 5 ಇಂಚಿನ ಸ್ಲ್ಯಾಬ್ ಮತ್ತು 9 × 15 ಇಂಚಿನ ಬೀಮ್ ಹಾಕಿದರೆ ಸಾಕು, ಊರಲ್ಲೆಲ್ಲ ಹಾಗೆಯೇ ಕಟ್ಟಿದ್ದೇವೆ ಎನ್ನುತ್ತಿದ್ದಾರೆ.

ಇನ್ನೂ ಎರಡು ವಿಷಯ ಹೇಳಬೇಕು. ಮೇಲಿನ ಮನೆಗೆ 40 ಮಿ.ಮೀ. ದಪ್ಪದ ಶಹಾಬಾದ್ ಫರಸಿಯೇ ಬೇಕಂತೆ. ಅಲ್ಲದೆ, ರಾಶಿಯಾದ ಮೇಲೆ ದರ ಬರುವವರೆಗೆ ತೊಗರಿ ಚೀಲಗಳನ್ನು ಮೇಲಂತಸ್ತಿನ ಒಂದು ಕೋಣೆಯಲ್ಲಿ ಇಡುವ ಆಲೋಚನೆಯೂ ಅವರಿಗಿದೆ ಎಂದು ಮೊನ್ನೆ ಮಾತಿನ ನಡುವೆ ತಿಳಿಯಿತು. ಇದನ್ನು ಚರ ಭಾರವಾಗಿ (ಜನ, ಸಾಮಾನಿನಂತೆ ಬದಲಾಗುವ ತೂಕ) ಎಷ್ಟು ಹಿಡಿಯಬೇಕು? ಸದ್ಯಕ್ಕೆ ಭೂಕಂಪದ ಲೆಕ್ಕ ಬದಿಗಿರಲಿ, ಗುರುತ್ವ ಭಾರಕ್ಕೆ ಮಾತ್ರ ಚೌಕಟ್ಟು ಹೇಗಿರಬೇಕೆಂದು ತಿಳಿದವರು ಹೇಳಬೇಕಾಗಿ ವಿನಂತಿ.

ಉತ್ತರ: ಸ್ಟ್ರಕ್ಚರಲ್_ಜೇವರ್ಗಿ ರಸ್ತೆ

ತೊಗರಿಯ ವಿಷಯ ನೀವು ಕೊನೆಗೆ ಬರೆದಿದ್ದೀರಿ, ಆದರೆ ಈ ಕಟ್ಟಡದ ಚೌಕಟ್ಟನ್ನು ನಿರ್ಧರಿಸುವುದು ಅದೇ. ಮೊದಲು ಮನೆಯ ಲೆಕ್ಕ ಮುಗಿಸಿ ಅಲ್ಲಿಗೆ ಬರುತ್ತೇನೆ.

ಸ್ಲ್ಯಾಬಿನ ದಪ್ಪ 160 ಮಿ.ಮೀ. ಎಂದು ಹಿಡಿಯಿರಿ. ಅದರ ಸ್ವಂತ ತೂಕ ಚದರ ಮೀಟರ್‌ಗೆ 4.0 ಕಿಲೋನ್ಯೂಟನ್. ನೆಲಹಾಸಿಗೆ 1.0 ಕಿಲೋನ್ಯೂಟನ್ ಎಂದು ಕಣ್ಣುಮುಚ್ಚಿ ಬರೆಯುವ ಅಭ್ಯಾಸ ನಮ್ಮ ಅನೇಕ ಕಚೇರಿಗಳಲ್ಲಿದೆ. ತೆಳುವಾದ ವಿಟ್ರಿಫೈಡ್ ಟೈಲ್ಸ್‌ಗೆ ಆ ಅಂಕಿ ನಡೆದೀತು. 40 ಮಿ.ಮೀ. ಫರಸಿ ಒಂದೇ ಸುಮಾರು 1.0 ಆಗುತ್ತದೆ, ಅದರ ಕೆಳಗೆ ಗೌಂಡಿ ಹಾಸುವ 50 ಮಿ.ಮೀ. ಗಾರೆ ಇನ್ನೊಂದು 1.0, ಕೆಳಮುಖದ ಪ್ಲಾಸ್ಟರ್ 0.25. ಒಟ್ಟು 6.25 ಆಯಿತು. ಜಾಗ ಖಚಿತವಾಗದ ತೆಳು ಗೋಡೆಗಳಿಗೆ 1.0, ವಾಸದ ಕೋಣೆಯ ಚರ ಭಾರ ಕಟ್ಟಡದ ಭಾರಗಳ ಭಾರತೀಯ ಮಾನಕವಾದ ಐಎಸ್ 875ರ ಎರಡನೇ ಭಾಗದ ಪ್ರಕಾರ 2.0. ಎಲ್ಲ ಸೇರಿ 9.25, ಅದನ್ನು 1.5ರಿಂದ ಗುಣಿಸಿದರೆ ವಿನ್ಯಾಸದ ಭಾರ 13.9 ಕಿಲೋನ್ಯೂಟನ್. ಮೆಟ್ಟಿಲು ಮತ್ತು ಬಾಲ್ಕನಿಗೆ ಚರ ಭಾರವನ್ನು 3.0 ಹಿಡಿಯಿರಿ.

ನಿಮ್ಮ ಮೊದಲ ದಾರಿಯಲ್ಲಿ ಸ್ಲ್ಯಾಬಿನ ಉದ್ದ ಮತ್ತು ಅಗಲದ ಅನುಪಾತ 1.6. ಅದು 2ಕ್ಕಿಂತ ಕಡಿಮೆ ಇರುವುದರಿಂದ ಸ್ಲ್ಯಾಬ್ ಎರಡೂ ದಿಕ್ಕಿಗೆ ಭಾರ ಹಂಚುತ್ತದೆ. ಮೂರು ಅಂಕಣಗಳಲ್ಲಿ ಹೆಚ್ಚು ಕಷ್ಟಪಡುವುದು ತುದಿಯ ಅಂಕಣ, ಏಕೆಂದರೆ ಅದರ ಒಂದು ಅಂಚು ಮಾತ್ರ ಪಕ್ಕದ ಸ್ಲ್ಯಾಬಿಗೆ ಮುಂದುವರಿದಿದೆ, ಉಳಿದ ಮೂರು ಅಲ್ಲಿಗೇ ನಿಲ್ಲುತ್ತವೆ. ಕಾಂಕ್ರೀಟ್ ವಿನ್ಯಾಸದ ಭಾರತೀಯ ಸಂಹಿತೆಯಾದ ಐಎಸ್ 456ರ ಕೋಷ್ಟಕ 26ರಿಂದ ಈ ಅಂಕಣಕ್ಕೆ ನಡುವಿನ ಗುಣಾಂಕ ಸುಮಾರು 0.066, ಮುಂದುವರಿದ ಅಂಚಿನದು 0.087. ಮೊಮೆಂಟ್ (ಬಗ್ಗಿಸುವ ಬಲದ ಅಳತೆ) ಕ್ರಮವಾಗಿ 18.6 ಮತ್ತು 24.5 ಕಿಲೋನ್ಯೂಟನ್ ಮೀಟರ್ ಬರುತ್ತದೆ. ಇಫೆಕ್ಟಿವ್ ಡೆಪ್ತ್ (ಸ್ಲ್ಯಾಬಿನ ಒತ್ತಡದ ಮುಖದಿಂದ ಸರಳಿನ ಮಧ್ಯದವರೆಗಿನ ಆಳ) 135 ಮಿ.ಮೀ. ಸಿಕ್ಕರೆ ಕೆಳಗೆ 10 ಮಿ.ಮೀ. ಸರಳು 200ಕ್ಕೊಂದು, ಬೀಮಿನ ಮೇಲೆ 150ಕ್ಕೊಂದು ಸಾಕಾಗುತ್ತದೆ.

ಬಲದ ಮಟ್ಟಿಗೆ 150 ಮಿ.ಮೀ. ದಪ್ಪವೂ ನಿಲ್ಲುತ್ತದೆ. ಸೋಲುವುದು ಬಾಗುವಿಕೆಯಲ್ಲಿ. ಸಾದಾ ಆಧಾರಕ್ಕೆ 20, ಮುಂದುವರಿದ ಸ್ಲ್ಯಾಬಿಗೆ 26 ಎಂಬ, ಅಗಲವನ್ನು ಇಫೆಕ್ಟಿವ್ ಡೆಪ್ತ್‌ನಿಂದ ಭಾಗಿಸಿದ ಮೂಲ ಅನುಪಾತಗಳ ನಡುವೆ ತುದಿಯ ಅಂಕಣಕ್ಕೆ ನಾನು 23 ಹಿಡಿಯುತ್ತೇನೆ. ಸರಳಿನ ಪ್ರಮಾಣಕ್ಕೆ ಸಿಗುವ ಸುಮಾರು 1.4ರ ಗುಣಕದೊಂದಿಗೆ ಅದು 32ರ ಆಸುಪಾಸಿಗೆ ನಿಲ್ಲುತ್ತದೆ. 150 ಮಿ.ಮೀ. ಸ್ಲ್ಯಾಬಿನಲ್ಲಿ 4500ನ್ನು 125ರಿಂದ ಭಾಗಿಸಿದರೆ 36, ಅಂದರೆ ಮಿತಿ ದಾಟಿತು. 160ಕ್ಕೆ ಏರಿಸಿದಾಗ ಅನುಪಾತ 33ಕ್ಕೆ ಇಳಿಯುತ್ತದೆ, ಸರಳಿನಲ್ಲಿನ ಒತ್ತಡ ತಗ್ಗುವುದರಿಂದ ಮಿತಿಯೂ 34ರ ಹತ್ತಿರಕ್ಕೆ ಏರುತ್ತದೆ. ಹತ್ತು ಮಿಲಿಮೀಟರಿನ ಈ ವ್ಯತ್ಯಾಸ ಕಾಗದದ ಮೇಲೆ ಅಲ್ಪ ಎನಿಸಿದರೂ ಫರಸಿಯ ಸಂದುಗಳಲ್ಲಿ ಬಿರುಕು ಕಾಣುವುದು ಬಿಡುವುದು ಇದರ ಮೇಲೆಯೇ ನಿಂತಿದೆ.

ಇನ್ನು ಮುಖ್ಯ ಬೀಮ್. ಸ್ಲ್ಯಾಬಿನ ಭಾರ 45 ಡಿಗ್ರಿಯ ಗೆರೆಗಳಲ್ಲಿ ಹಂಚಿಹೋಗಿ ಗಿಡ್ಡ ಬೀಮಿಗೆ ತ್ರಿಕೋನವಾಗಿಯೂ ಉದ್ದ ಬೀಮಿಗೆ ಟ್ರೆಪೀಜಿಯಂ ಆಗಿಯೂ ಬರುತ್ತದೆ. ಒಳಗಿನ ಮುಖ್ಯ ಬೀಮಿಗೆ ಎರಡೂ ಬದಿಯಿಂದ ಸೇರಿ, ಮೊಮೆಂಟಿನ ಲೆಕ್ಕಕ್ಕೆ, ಮೀಟರಿಗೆ ಸುಮಾರು 54 ಕಿಲೋನ್ಯೂಟನ್ ಸಮ ಭಾರ. ಬೀಮಿನ ಸ್ವಂತ ತೂಕ 6, ಮೇಲೆ 230 ಮಿ.ಮೀ. ಇಟ್ಟಿಗೆ ಗೋಡೆ ಬಂದರೆ ಪ್ಲಾಸ್ಟರ್ ಸೇರಿ ಇನ್ನೂ 21. ಒಟ್ಟು 81. ತುದಿಗಳನ್ನು ಸಾದಾ ಆಧಾರವೆಂದು ಹಿಡಿದರೆ ಮೊಮೆಂಟ್ 525 ಕಿಲೋನ್ಯೂಟನ್ ಮೀಟರ್. ಎಂ25 ಕಾಂಕ್ರೀಟಿನಲ್ಲಿ 300 × 700 ಮಿ.ಮೀ. ಬೀಮ್ ಕೊಟ್ಟು, ಕೆಳಗೆ 25 ಮಿ.ಮೀ. ಸರಳು ನಾಲ್ಕು ಮತ್ತು 16ರದ್ದು ಒಂದು ಹಾಕಿದರೆ ಇದು ದಾಟುತ್ತದೆ. ನಿಮ್ಮ ಗುತ್ತಿಗೆದಾರರ 9 × 15 ಇಂಚಿನ ಬೀಮ್, ಆಯತದ ಲೆಕ್ಕದಲ್ಲಿ, ಅದೇ ಕಾಂಕ್ರೀಟಿನಲ್ಲಿ 90ನ್ನೂ ಮುಟ್ಟುವುದಿಲ್ಲ. ಅಷ್ಟೇ ಅಲ್ಲ, ಕೋಷ್ಟಕ 26ರ ಗುಣಾಂಕಗಳೆಲ್ಲ ಅಂಚಿನ ಬೀಮುಗಳು ಗಟ್ಟಿಯಾಗಿ ನಿಲ್ಲುತ್ತವೆ ಎಂಬ ನಂಬಿಕೆಯ ಮೇಲಿವೆ. ಬೀಮೇ ಜೋತುಬಿದ್ದರೆ ಸ್ಲ್ಯಾಬಿನ ಲೆಕ್ಕಕ್ಕೂ ಅರ್ಥ ಉಳಿಯುವುದಿಲ್ಲ.

ಎರಡನೇ ದಾರಿಯಲ್ಲಿ ಸ್ಲ್ಯಾಬ್ 130 ಮಿ.ಮೀ.ಗೆ ಇಳಿದು ಸುಮಾರು 2.9 ಘನ ಮೀಟರ್ ಕಾಂಕ್ರೀಟ್ ಉಳಿಯುತ್ತದೆ. ಉಪ ಬೀಮ್ ಅದರಲ್ಲಿ 1 ಘನ ಮೀಟರನ್ನು ವಾಪಸ್ ತಿನ್ನುತ್ತದೆ, ಸೆಂಟ್ರಿಂಗ್ ಕೆಲಸವೂ ಹೆಚ್ಚುತ್ತದೆ. ಮುಖ್ಯ ಬೀಮಿಗಂತೂ ಲಾಭವೇ ಇಲ್ಲ: ಮೊದಲು ಉದ್ದಕ್ಕೂ ಹರಡಿದ್ದ ಭಾರದ ದೊಡ್ಡ ಪಾಲು ಈಗ ಉಪ ಬೀಮಿನ ಮೂಲಕ ನಟ್ಟನಡುವೆ ಬಂದು ಬೀಳುವುದರಿಂದ, ಸ್ಲ್ಯಾಬಿನಿಂದ ಬರುವ ಮೊಮೆಂಟ್ 350ರಿಂದ 395ರ ಸಮೀಪಕ್ಕೆ ಏರುತ್ತದೆ. ಆದ್ದರಿಂದ ಮನೆಯಷ್ಟೇ ಆಗಿದ್ದರೆ ನಾನು ಮೊದಲ ದಾರಿಯನ್ನೇ ಹಿಡಿಯುತ್ತಿದ್ದೆ. ಮೇಲಂತಸ್ತಿನ ನಕ್ಷೆಯಲ್ಲಿ ಕಟ್ಟಡದ ಉದ್ದಕ್ಕೆ ನಡುವೆ ಇಟ್ಟಿಗೆ ಗೋಡೆ ಇದ್ದರೆ ಮಾತು ಬೇರೆ. ಆಗ ಗೋಡೆಯ ಕೆಳಗೆ ಉಪ ಬೀಮ್ ಬೇಕೇ ಬೇಕು.

ಈಗ ತೊಗರಿ. 50 ಕಿಲೋ ಚೀಲವೊಂದು ಅಡ್ಡ ಮಲಗಿದರೆ ಸುಮಾರು ಅರ್ಧ ಚದರ ಮೀಟರ್ ಜಾಗ ಹಿಡಿಯುತ್ತದೆ. ಅಂದರೆ ಒಂದು ಸಾಲಿಗೆ ಚದರ ಮೀಟರಿಗೆ 1 ಕಿಲೋನ್ಯೂಟನ್. ಹತ್ತು ಸಾಲು ಒಟ್ಟಿದರೆ 10 ಕಿಲೋನ್ಯೂಟನ್, ವಾಸದ ಕೋಣೆಯ ಐದು ಪಟ್ಟು. ಐಎಸ್ 875 ಉಗ್ರಾಣಕ್ಕೆ ಎತ್ತರದ ಪ್ರತಿ ಮೀಟರಿಗೆ 2.4ರಂತೆ, ಕನಿಷ್ಠ 7.5 ಹಿಡಿಯಲು ಹೇಳುತ್ತದೆ. ನಮ್ಮ ಕಡೆ ಚೀಲ ಒಟ್ಟುವ ರೀತಿ ನೋಡಿದರೆ 10ಕ್ಕಿಂತ ಕಡಿಮೆ ಹಿಡಿಯುವುದು ಕ್ಷೇಮವಲ್ಲ.

ಗಾತ್ರಕ್ಕಿಂತಲೂ ಮುಖ್ಯವಾದದ್ದು ಈ ಭಾರದ ಅವಧಿ. ಮನೆಯ ಚರ ಭಾರದಲ್ಲಿ ಬಹುಪಾಲು ಬಂದು ಹೋಗುವಂಥದ್ದು. ತೊಗರಿಯೋ ಜನವರಿಯಲ್ಲಿ ಏರಿದರೆ ದರ ಬರುವ ತನಕ ತಿಂಗಳುಗಟ್ಟಲೆ ಅಲ್ಲೇ ಕೂತಿರುತ್ತದೆ, ಕಾಂಕ್ರೀಟು ಆ ಭಾರಕ್ಕೆ ಕ್ರೀಪ್ ಆಗುತ್ತಲೇ (ನಿಂತ ಭಾರಕ್ಕೆ ನಿಧಾನವಾಗಿ ಇನ್ನಷ್ಟು ಬಾಗುತ್ತಲೇ) ಹೋಗುತ್ತದೆ. ಆ ಅಂಕಣದ ಬಾಗುವಿಕೆಯನ್ನು ಲೆಕ್ಕ ಹಾಕುವಾಗ ತೊಗರಿಯ ತೂಕವನ್ನು ಶಾಶ್ವತ ಭಾರದ ಜೊತೆಗೇ ಸೇರಿಸಬೇಕು. ಕಾಲಂ ಲೆಕ್ಕದಲ್ಲಿ ಚರ ಭಾರಕ್ಕೆ ಕೊಡುವ ರಿಯಾಯಿತಿಯೂ ಉಗ್ರಾಣಕ್ಕೆ ಅನ್ವಯಿಸುವುದಿಲ್ಲ.

ಉತ್ತರ: ಕಾಂಟ್ರಾಕ್ಟರ್_ಯಾದಗಿರಿ

ಮೇಲಿನ ಲೆಕ್ಕಕ್ಕೆ ನನ್ನ ತಕರಾರಿಲ್ಲ. ಆದರೆ 5 ಇಂಚಿನ ಸ್ಲ್ಯಾಬ್ ಎಂದರೆ ತಪ್ಪೇ ಎಂಬಂತೆ ಓದುವವರಿಗೆ ಅನಿಸಬಾರದು. ಯಾದಗಿರಿ, ಶಹಾಪುರ, ಸುರಪುರದ ಕಡೆ ನಾವು ಕಟ್ಟಿದ ನೂರಾರು ಮನೆಗಳು ಹಾಗೆಯೇ ನಿಂತಿವೆ, ಯಾವುದೂ ಜೋತುಬಿದ್ದಿಲ್ಲ. ಪ್ರತಿ ಮನೆಗೂ ಇಷ್ಟು ದಪ್ಪ ಹೇಳಿದರೆ ಬಡವರು ಕಟ್ಟುವುದು ಹೇಗೆ?

ಉತ್ತರ: ಸ್ಟ್ರಕ್ಚರಲ್_ಜೇವರ್ಗಿ ರಸ್ತೆ

ತಮ್ಮ ಮಾತು ಆ ಮನೆಗಳ ಮಟ್ಟಿಗೆ ಪೂರ್ತಿ ನಿಜ. ಅವುಗಳ ಕೋಣೆ ಹೆಚ್ಚೆಂದರೆ 10 × 12 ಅಡಿ, ಸುತ್ತಲೂ ಕಲ್ಲಿನ ಅಥವಾ ಇಟ್ಟಿಗೆಯ ಗೋಡೆ. ಗಿಡ್ಡ ಬದಿ 3.5 ಮೀಟರ್ ಒಳಗಿದ್ದು ಚರ ಭಾರ 3 ಕಿಲೋನ್ಯೂಟನ್ ಮೀರದಿದ್ದರೆ, ಸಂಹಿತೆಯೇ ಟಾರ್ (ಏಣುಗಳಿರುವ) ಸರಳಿನ ದ್ವಿಮುಖ ಸ್ಲ್ಯಾಬಿಗೆ ಒಟ್ಟು ದಪ್ಪದ 28ರಿಂದ 32 ಪಟ್ಟು ಅಗಲವನ್ನು ಒಪ್ಪುತ್ತದೆ. 10 ಅಡಿ ಅಂದರೆ 3050 ಮಿ.ಮೀ., ಅದನ್ನು 28ರಿಂದ ಭಾಗಿಸಿದರೆ 109. ನಿಮ್ಮ 5 ಇಂಚು ಅದಕ್ಕಿಂತ ಹೆಚ್ಚೇ ಇದೆ. ಇಲ್ಲಿ ಗಿಡ್ಡ ಬದಿಯೇ 4.5 ಮೀಟರ್ ಇರುವುದರಿಂದ ಆ ಸೂತ್ರದ ಎಲ್ಲೆ ದಾಟಿದ್ದೇವೆ.

ಉತ್ತರ: ಸೈಟ್_ಬೀದರ್

ಲೆಕ್ಕದ ಬಗ್ಗೆ ಸರ್ ವಿವರವಾಗಿ ಬರೆದಿದ್ದಾರೆ. ಸೈಟಿನಲ್ಲಿ ಆ ಲೆಕ್ಕ ಎಲ್ಲಿ ಸೋರಿಹೋಗುತ್ತದೆ ಎಂಬುದನ್ನು ನಾನು ಸೇರಿಸುತ್ತೇನೆ.

ಬೀಮಿನ ಮೇಲಿನ ಸರಳುಗಳನ್ನು ನೋಡಿ. ನಕ್ಷೆಯಲ್ಲಿ ಅವುಗಳ ಇಫೆಕ್ಟಿವ್ ಡೆಪ್ತ್ 135 ಮಿ.ಮೀ. ಕಾಂಕ್ರೀಟ್ ಹಾಕುವ ದಿನ ಬುಟ್ಟಿ ಹೊತ್ತವರು ಬೆಳಗಿನಿಂದ ಸಂಜೆಯವರೆಗೆ ಅವುಗಳ ಮೇಲೆಯೇ ನಡೆಯುತ್ತಾರೆ, ಎರಡು ಚೇರ್‌ಗಳ (ಮೇಲಿನ ಸರಳನ್ನು ಎತ್ತಿ ಹಿಡಿಯುವ ಸರಳಿನ ಕಾಲುಗಳು) ನಡುವೆ ಸರಳು ಬಾಗಿ 30 ಮಿ.ಮೀ. ಕೆಳಗೆ ಕೂರುತ್ತದೆ. 135 ಹೋಗಿ 105 ಆಯಿತೆಂದರೆ ಆ ಜಾಗದ ಬಲ ಐದನೇ ಒಂದು ಭಾಗಕ್ಕಿಂತ ಹೆಚ್ಚು ಹೋಯಿತು, ಸ್ಲ್ಯಾಬ್ ತನ್ನ ಭಾರವನ್ನು ನಡುವಿಗೆ ತಳ್ಳಿತು. ಬೀಮಿನ ಗುಂಟ ಫರಸಿಯಲ್ಲಿ ನೇರ ಗೆರೆಯಂತೆ ಮೂಡುವ ಬಿರುಕಿಗೆ ಬಹಳ ಸಲ ಇದೇ ಕಾರಣ. ಮೇಲಿನ ಸರಳಿನ ಕೆಳಗೆ ಮೀಟರಿಗೊಂದು ಗಟ್ಟಿ ಚೇರ್ ಇಡಿಸಿ, ನಡೆಯಲು ಹಲಗೆ ಹಾಸಿಸಿ. ಮೂರು ಅಂಚು ನಿಂತುಹೋಗುವ ತುದಿ ಅಂಕಣದ ಹೊರ ಮೂಲೆಗಳಲ್ಲಿ ಸ್ಲ್ಯಾಬ್ ಮೇಲೇಳಲು ನೋಡುತ್ತದೆ. ಅಲ್ಲಿ ಗಿಡ್ಡ ಬದಿಯ ಐದನೇ ಒಂದು ಭಾಗದಷ್ಟು ದೂರಕ್ಕೆ, ಮೇಲೂ ಕೆಳಗೂ ಎರಡೂ ದಿಕ್ಕಿಗೆ ಮೂಲೆಯ ಸರಳು ಬೇಕು. ನಮ್ಮ ಕಡೆ ಇದನ್ನು ಹಾಕಿದ್ದನ್ನು ನಾನು ನೋಡಿದ್ದು ಅಪರೂಪ.

ಕಟ್ಟುವಾಗಿನ ಭಾರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಸ್ಲ್ಯಾಬ್ ಹಾಕಿದ ಎರಡನೇ ವಾರಕ್ಕೇ ಮೇಲಿನ ಗೋಡೆಗೆಂದು ಇಟ್ಟಿಗೆಯನ್ನು ಅಂಕಣದ ನಡುವೆ ಒಟ್ಟುತ್ತಾರೆ. ಒಂದು ಮೀಟರ್ ಎತ್ತರದ ಇಟ್ಟಿಗೆ ರಾಶಿಯ ಭಾರ ಚದರ ಮೀಟರಿಗೆ 15 ಕಿಲೋನ್ಯೂಟನ್ ಮೀರುತ್ತದೆ, ನಿಮ್ಮ ತೊಗರಿಗಿಂತ ಜಾಸ್ತಿ. ರಾಶಿಯನ್ನು ಬೀಮಿನ ಮೇಲೆ, ಕಾಲಂ ಹತ್ತಿರ, ಗಿಡ್ಡಗೆ ಒಟ್ಟಲು ಹೇಳಿ. 7.2 ಮೀಟರ್ ಬೀಮಿನ ಕೆಳಗಿನ ಆಧಾರಗಳನ್ನು 21 ದಿನ ತೆಗೆಯಬಾರದು. ಸ್ಲ್ಯಾಬಿನ ಅಗಲ 4.5 ಮೀಟರ್ ಒಳಗಿದ್ದರೆ 7 ದಿನಕ್ಕೆ ಆಧಾರ ತೆಗೆಯಬಹುದೆಂದು ಸಂಹಿತೆ ಹೇಳಿದರೂ, ನಿಮ್ಮದು ಸರಿಯಾಗಿ ಗಡಿಯಲ್ಲಿದೆ, 14 ದಿನ ಬಿಡಿ. ಏಪ್ರಿಲ್–ಮೇ ಬಿಸಿಲಿನಲ್ಲಿ ಸ್ಲ್ಯಾಬ್ ಬಿದ್ದರೆ ನೀರು ಉಣಿಸುವುದು ಕನಿಷ್ಠ 10 ದಿನ, ಪಿಪಿಸಿ (ಪೊಜೊಲಾನಾ ಬೆರೆಸಿದ) ಸಿಮೆಂಟಾದರೆ 14 ದಿನ ನಡೆಯಬೇಕು. ಎಳೆಯ ಕಾಂಕ್ರೀಟಿನ ಮೇಲೆ ಬೇಗ ಭಾರ ಕೂತಷ್ಟೂ ಮುಂದೆ ಕ್ರೀಪ್ ಹೆಚ್ಚು: ಸಂಹಿತೆಯಲ್ಲಿ 7 ದಿನದ ಕಾಂಕ್ರೀಟಿಗೆ ಗುಣಾಂಕ 2.2 ಇದ್ದರೆ 28 ದಿನದ್ದಕ್ಕೆ 1.6 ಇದೆ.

ಎರಡು ಜಾಗ ಯಾರ ಲೆಕ್ಕಕ್ಕೂ ಸಿಗದೆ ಉಳಿಯುತ್ತವೆ. ಒಂದು, ಬಚ್ಚಲಿಗೆಂದು ತಗ್ಗಿಸಿದ ಸ್ಲ್ಯಾಬ್. ಅದಕ್ಕೆ ಒಂದು ಅಡಿ ಮುರುಮು ತುಂಬಿದರೆ ಅದೇ 5.4 ಕಿಲೋನ್ಯೂಟನ್. ಇನ್ನೊಂದು, ಮೇಲಿನ ಛತ್ತು. ಹಳೆಯ ಮಾಳಿಗೆ ಮನೆಗಳಲ್ಲಿ ಜಂತಿಯ ಮೇಲೆ ಮಣ್ಣು ಹೊರಿಸಿ ಬಿಸಿಲು ತಡೆಯುತ್ತಿದ್ದರು. ಈಗ ಆ ಕೆಲಸಕ್ಕೆ ಇಟ್ಟಿಗೆ ಚೂರಿನ ಕೋಬಾ ಬಂದಿದೆ, ಸರಾಸರಿ 125 ಮಿ.ಮೀ. ಬಿದ್ದರೆ 2.4 ಕಿಲೋನ್ಯೂಟನ್ ಆಗುತ್ತದೆ. ಛತ್ತಿನ ಚರ ಭಾರ 1.5 ಎಂದು ಸಮಾಧಾನಪಟ್ಟು ದಪ್ಪ ಇಳಿಸಬೇಡಿ, ಒಟ್ಟು ಕೂಡಿದಾಗ ಅದು ಮನೆಯ ನೆಲಕ್ಕಿಂತ ತೀರ ಹಗುರವೇನಲ್ಲ. 2000 ಲೀಟರಿನ ನೀರಿನ ಟ್ಯಾಂಕ್ 20 ಕಿಲೋನ್ಯೂಟನ್, ಅದರ ಕಟ್ಟೆಯನ್ನು ಬೀಮಿನಿಂದ ಬೀಮಿಗೆ ಕೂರಿಸಿ.

ಮರುಪ್ರಶ್ನೆ: ಅಂಕಣ_ಕಲಬುರಗಿ

ತಮ್ಮೆಲ್ಲರಿಗೂ ಧನ್ಯವಾದಗಳು. ಮಾಲೀಕರೊಂದಿಗೆ ಕೂತು ಮಾತಾಡಿದೆ. ತೊಗರಿಯನ್ನು ಕೆಳಗೇ ಇಡಿ ಎಂದರೆ ಅಂಗಡಿಯ ಜಾಗ ಹೋಗುತ್ತದೆ ಎಂದು ಒಪ್ಪಲಿಲ್ಲ. ಹಿಂದಿನ ತುದಿಯ ಅಂಕಣ ಒಂದರಲ್ಲಿ ಮಾತ್ರ ಚೀಲ ಇಡುವುದಾಗಿ, ಹತ್ತು ಸಾಲಿನ ಗುರುತನ್ನು ಗೋಡೆಯ ಮೇಲೆ ಬರೆಸುವುದಾಗಿ ಹೇಳಿದ್ದಾರೆ. ಆ ಅಂಕಣಕ್ಕಷ್ಟೇ ನಡುವೆ ಉಪ ಬೀಮ್ ಕೊಟ್ಟು, 140 ಮಿ.ಮೀ. ಸ್ಲ್ಯಾಬ್ ಹಾಕಿದರೆ ಆದೀತೇ? ಉಪ ಬೀಮ್ ಮುಖ್ಯ ಬೀಮಿಗೆ ಕೂಡುವ ಜಾಗದಲ್ಲಿ ಏನು ನೋಡಿಕೊಳ್ಳಬೇಕು? 700 ಮಿ.ಮೀ. ಬೀಮ್ ಕೆಳಗೆ ಇಳಿಬಿದ್ದರೆ ಅಂಗಡಿ ಗಿಡ್ಡ ಕಾಣುತ್ತದೆ ಎಂದೂ ಅವರು ಗೊಣಗುತ್ತಿದ್ದಾರೆ. ಬೀಮನ್ನು ಸ್ಲ್ಯಾಬಿನ ಮೇಲಕ್ಕೆ ಎತ್ತಿ ಗೋಡೆಯೊಳಗೆ ಮುಚ್ಚಬಹುದೇ?

ಉತ್ತರ: ಸ್ಟ್ರಕ್ಚರಲ್_ಜೇವರ್ಗಿ ರಸ್ತೆ

ಉಪ ಬೀಮಿನ ನಿರ್ಧಾರ ಸರಿಯಾಗಿದೆ. ಆದರೆ ಅದರ ಬೆಲೆ ತೆರುವುದು ಪಕ್ಕದ ಮುಖ್ಯ ಬೀಮ್. ತೊಗರಿಯ ಅಂಕಣದಲ್ಲಿ ವಿನ್ಯಾಸದ ಭಾರ ಚದರ ಮೀಟರಿಗೆ 23.6 ಕಿಲೋನ್ಯೂಟನ್ ಆಗುತ್ತದೆ. ಉಪ ಬೀಮ್ ತನ್ನ ಒಂದೊಂದು ತುದಿಗೂ ಸುಮಾರು 120 ಕಿಲೋನ್ಯೂಟನ್ ಇಳಿಸುತ್ತದೆ. ಉಗ್ರಾಣ ಮತ್ತು ಮನೆಯ ನಡುವಿನ ಮುಖ್ಯ ಬೀಮಿಗೆ ಒಂದು ಬದಿಯಿಂದ ಮನೆಯ ಭಾರ, ಇನ್ನೊಂದು ಬದಿಯಿಂದ ಈ 120, ಮೇಲೆ ಇಟ್ಟಿಗೆ ಗೋಡೆ, ಎಲ್ಲ ಸೇರಿ ಸಾದಾ ಆಧಾರದ ಮೊಮೆಂಟ್ 525ರಿಂದ 700ರ ಹತ್ತಿರಕ್ಕೆ ಹೋಗುತ್ತದೆ. ಆ ಒಂದು ಗೋಡೆಯನ್ನು 200 ಮಿ.ಮೀ. ಎಎಸಿ ಬ್ಲಾಕಿನಲ್ಲಿ (ಹಗುರ ಕಾಂಕ್ರೀಟ್ ಬ್ಲಾಕ್) ಕಟ್ಟಿಸಿದರೆ 80ಕ್ಕೂ ಹೆಚ್ಚು ಕಡಿಮೆಯಾಗುತ್ತದೆ. ಇಷ್ಟು ಸುಲಭದ ಉಳಿತಾಯ ಈ ಕಟ್ಟಡದಲ್ಲಿ ಮತ್ತೆಲ್ಲೂ ಸಿಗಲಾರದು. ಹೊರತುದಿಯ ಬೀಮಿಗೆ ಒಂದೇ ಬದಿಯ ಭಾರ ಎಂದು ಅದನ್ನು ಸಣ್ಣದು ಮಾಡಬೇಡಿ, ಅದರ ನಡುವೆಯೂ 120 ಬೀಳುತ್ತದೆ.

ಕೂಡುವ ಜಾಗದಲ್ಲಿ ಉಪ ಬೀಮಿನ ಕೆಳ ಸರಳುಗಳು ಮುಖ್ಯ ಬೀಮಿನ ಕೆಳ ಸರಳುಗಳ ಮೇಲೆ ಹಾಯ್ದು ಹೋಗಬೇಕು. ಅಲ್ಲಿಳಿಯುವ ಭಾರವನ್ನು ಮೇಲಕ್ಕೆ ಎತ್ತಿ ಹಿಡಿಯಲು, ಶಿಯರ್‌ಗೆ (ಕತ್ತರಿಸುವ ಬಲಕ್ಕೆ) ಬೇಕಾದ ರಿಂಗ್‌ಗಳ ಜೊತೆಗೆ ಇನ್ನೂ ನಾಲ್ಕು ರಿಂಗ್, 8 ಮಿ.ಮೀ. ಎರಡು ಕಾಲಿನವು, ಮುಖ್ಯ ಬೀಮಿನಲ್ಲಿ ಒತ್ತಾಗಿ ಹಾಕಿ. 120 ಕಿಲೋನ್ಯೂಟನ್‌ಗೆ ಬೇಕಾದ್ದು ಸುಮಾರು 335 ಚದರ ಮಿ.ಮೀ., ನಾಲ್ಕು ರಿಂಗಿನಿಂದ 400 ಸಿಗುತ್ತದೆ.

ಬೀಮನ್ನು ಮೇಲಕ್ಕೆ ಎತ್ತುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಹಾಗೆ ಮಾಡಿದರೆ ನಡುವಿನಲ್ಲಿ ಒತ್ತಡ ಹೊರುವ ಭಾಗ ಸ್ಲ್ಯಾಬಿನ ಅಗಲ ಬಿಟ್ಟು ಬೀಮಿನ 300 ಮಿ.ಮೀ.ಗೆ ಕುಗ್ಗುತ್ತದೆ, ಟಿ ಬೀಮಿನ (ಸ್ಲ್ಯಾಬ್ ಬೀಮಿನ ಜೊತೆ ಸೇರಿ ಟಿ ಆಕಾರದಲ್ಲಿ ಭಾರ ಹೊರುವುದರ) ಲಾಭ ಕೈಬಿಡುತ್ತದೆ. ಜೊತೆಗೆ ಸ್ಲ್ಯಾಬ್ ಕೆಳಗೆ ತೂಗುವುದರಿಂದ ಅದನ್ನು ಹಿಡಿದಿಡಲೂ ರಿಂಗ್ ಬೇಕು, ಬಾಗಿಲು ಬರುವ ಕಡೆ ಹೊಸ್ತಿಲು ಮೊಣಕಾಲೆತ್ತರ ಆಗುತ್ತದೆ. ಅಂತಸ್ತಿನ ಎತ್ತರವನ್ನೇ 3.3ರಿಂದ 3.6 ಮೀಟರ್‌ಗೆ ಏರಿಸಲು ಹೇಳಿ. ಕಲಬುರಗಿಯ ಸೆಕೆಗೆ ಅಂಗಡಿಗೂ ಅದು ಹಿತ.

ಕಾಲಂ ಬಗ್ಗೆ ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ಒಂದೇ ಅಂಕಣದ ಅಗಲವಿರುವ ಈ ಚೌಕಟ್ಟಿನಲ್ಲಿ ಎಲ್ಲ ಕಾಲಂಗಳೂ ಹೊರಗಿನವೇ. ಫ್ರೇಮ್ ಲೆಕ್ಕ ಹಾಕಿದಾಗ ಬೀಮಿನ ನಡುವೆ ಎಷ್ಟು ಮೊಮೆಂಟ್ ಕಡಿಮೆಯಾಗುತ್ತದೋ ಅಷ್ಟು ತುದಿಯಲ್ಲಿ ಕಾಣಿಸಿಕೊಂಡು, ಬರೀ ಗುರುತ್ವ ಭಾರಕ್ಕೇ, ಕಾಲಂಗೆ ಇಳಿಯುತ್ತದೆ. ನೇರ ಭಾರಕ್ಕೆ ಮಾತ್ರ ಕಾಲಂ ವಿನ್ಯಾಸ ಮಾಡಿ ಮುಗಿಸಬೇಡಿ. ಕಾಲಂ ಅಗಲ 300 ಇಡಿ, ಉದ್ದದ ಮುಖವನ್ನು 7.2 ಮೀಟರಿನ ದಿಕ್ಕಿಗೆ ತಿರುಗಿಸಿ, ಬೀಮಿನ ಮೇಲಿನ ಸರಳನ್ನು ಕಾಲಂ ಒಳಗೆ ಪೂರ್ತಿ ಡೆವಲಪ್‌ಮೆಂಟ್ ಉದ್ದಕ್ಕೆ (ಸರಳು ಕಾಂಕ್ರೀಟಿನಲ್ಲಿ ಜಾರದೆ ಹಿಡಿದಿರಲು ಬೇಕಾದ ಉದ್ದ) ಕೆಳಮುಖವಾಗಿ ಬಗ್ಗಿಸಿ. ಪಾಯದ ಎರೆಮಣ್ಣಿನ ವಿಷಯಕ್ಕೆ ಮಣ್ಣಿನ ಪರೀಕ್ಷೆಯ ವರದಿ ಕೈಗೆ ಬಂದ ಮೇಲೆ ಬೇರೆ ಪ್ರಶ್ನೆ ಹಾಕಿ.